ಗೋಡೆಯ ಮೇಲಿನ ಮೊರ

ರಾಗಿಕಲ್ಲಿನ ಮುಂದೆ ಬಂದದ್ದೇ ದೊಡ್ಡಮ್ಮ ನಿಂತುಬಿಟ್ಟರು. ಅಲ್ಲಿಯವರೆಗೆ ಮಂಡಿನೋವು ಅಂತ ಮೊಮ್ಮಗಳ ಹೆಗಲು ಹಿಡಿದು ಹೆಜ್ಜೆ ಹಾಕಿದವರು. ಹೆಗಲು ಬಿಟ್ಟರು, ಬಗ್ಗಿದರು, ಕಲ್ಲಿನ ಗೂಟದ ಮೇಲೆ ಕೈ ಇಟ್ಟರು. ‘ಗೂಟ ಸವೆದದೆ ನೋಡ್ಲಾ ಮಗ. ಇದು ಬೀಸಿರೋ ಕಲ್ಲೇ. ತೋರ್ಸಕ್ಕೆ ಅಂತ ಮಾಡ್ಸಿದ್ದಲ್ಲ’ ಅಂದರು.

ಮುಟ್ಟಬಾರದು ಎಂದು ಹೇಳಲು ಬಂದ ಸಿಬ್ಬಂದಿಯೊಬ್ಬರು ಆ ಮಾತು ಕೇಳಿ ಸುಮ್ಮನಾದರು. ಆಮೇಲೆ ಅವರೂ ನಮ್ಮ ಜೊತೆ ನಿಂತರು.

ರಾಮನಗರದಿಂದ ಚನ್ನಪಟ್ಟಣದ ಕಡೆಗೆ ಹೋಗುವ ಹಳೆಯ ರಸ್ತೆಯಲ್ಲಿರುವ ಜಾನಪದ ಲೋಕಕ್ಕೆ ನಾನು ಅದಕ್ಕೆ ಮುಂಚೆ ನಾಲ್ಕೈದು ಸಲ ಹೋಗಿದ್ದೆ. ಪ್ರತಿ ಸಲವೂ ಎರಡು ಗಂಟೆಯಲ್ಲಿ ಎಲ್ಲ ನೋಡಿ ಮುಗಿಸಿದ್ದೆ. ದೊಡ್ಡಮ್ಮನ ಜೊತೆ ಹೋದ ದಿನ ಲೋಕಮಾತಾ ಮಂದಿರ ಒಂದನ್ನೇ ದಾಟಲು ಅರ್ಧ ದಿನ ಹಿಡಿಯಿತು. ಅಡುಗೆ ಮನೆಯ ಪಾತ್ರೆ ಪಗಡ, ಕುಟ್ಟುವ ಬೀಸುವ ಸಲಕರಣೆ, ಕಾಳು ತುಂಬಿಡುವ ಮಡಕೆ ಕುಡಿಕೆ, ಹೀಗೆ ಹೆಂಗಸರ ಕೈಯಲ್ಲಿ ಸವೆದ ವಸ್ತುಗಳೇ ತುಂಬಿರುವ ಮನೆ ಅದು. ನಾನು ಅಷ್ಟು ಸಲ ನೋಡಿದ್ದು ವಸ್ತುಗಳನ್ನು. ದೊಡ್ಡಮ್ಮ ನೋಡಿದ್ದು ಕೆಲಸವನ್ನು.

ರಾಗಿಕಲ್ಲಿಗೆ ಇಬ್ಬರು ಎದುರುಬದುರು ಕೂರಬೇಕಂತೆ. ಒಂದೇ ಗೂಟ, ಎರಡು ಕೈ. ಕೈ ಬದಲಾಗುವಾಗಲೂ ಕಲ್ಲು ನಿಲ್ಲಬಾರದು. ಬಿಡುವಿರುವ ಕೈಯಲ್ಲಿ ಕಲ್ಲಿನ ಬಾಯಿಗೆ ರಾಗಿ ಬಿಡಬೇಕು. ಒಂದೇ ಸಲಕ್ಕೆ ಹೆಚ್ಚು ಸುರಿದರೆ ಹಿಟ್ಟು ತರಿತರಿ, ಕಡಿಮೆಯಾದರೆ ಕಲ್ಲಿಗೆ ಕಲ್ಲು ತಾಗಿ ಹಿಟ್ಟಿನಲ್ಲಿ ಕಲ್ಲುಪುಡಿ. ಬೀಸಿ ಬೀಸಿ ಕಲ್ಲು ನುಣ್ಣಗಾದರೆ ಉಳಿ ಹಿಡಿದು ಬರುವವರನ್ನು ಕಾದು ಮತ್ತೆ ಮುಳ್ಳು ಎಬ್ಬಿಸಬೇಕು. ಕೋಳಿ ಕೂಗುವ ಮೊದಲೇ ಕೂತರೆ ಬೆಳಕು ಹರಿಯುವ ಹೊತ್ತಿಗೆ ಆ ದಿನದ ಮುದ್ದೆಗಾಗುವಷ್ಟು ಹಿಟ್ಟು.

‘ಪದ ಹೇಳ್ದೆ ಬೀಸಿದ್ರೆ ತೋಳು ಬಿದ್ದೋಯ್ತದೆ’ ಅಂದರು ದೊಡ್ಡಮ್ಮ. ಬೀಸುವ ಪದಗಳ ಬಗ್ಗೆ ನಾನು ಪುಸ್ತಕದಲ್ಲಿ ಓದಿದ್ದೆ. ತ್ರಿಪದಿಯ ಛಂದಸ್ಸು, ಅಂಶಗಣ, ತವರಿನ ಹಂಬಲ ಎಲ್ಲ ಓದಿದ್ದೆ. ಇಬ್ಬರು ಹೆಂಗಸರ ತೋಳುಗಳನ್ನು ಒಂದೇ ಓಟದಲ್ಲಿ ಇಡುವುದಕ್ಕೆ ಆ ಪದ ಎಷ್ಟು ಬೇಕಾಗಿತ್ತು ಎಂಬುದು ಆ ಗೂಟದ ಮೇಲೆ ಎರಡು ಕೈ ಇಟ್ಟು ನೋಡುವವರೆಗೆ ತಲೆಗೆ ಹೋಗಿರಲಿಲ್ಲ.

ಆ ಗೂಟ ಬಿಟ್ಟು ಎದ್ದ ದೊಡ್ಡಮ್ಮ ಗೋಡೆಯ ಕಡೆ ನೋಡಿದರು. ಅಲ್ಲಿ ಮೊರ.

ಮೊರ ಎಂದರೆ ನಮಗೀಗ ಗೌರಿಹಬ್ಬದ ಬಾಗಿನ. ಅರಿಶಿನ ಕುಂಕುಮ ಹಚ್ಚಿದ ಜೋಡಿ ಮೊರ, ಒಳಗೆ ಬಳೆ, ಬಿಚ್ಚೋಲೆ, ಬೇಳೆ, ಬೆಲ್ಲ. ದೊಡ್ಡಮ್ಮನಿಗೆ ಮೊರವೆಂದರೆ ದಿನದಿನದ ಕೆಲಸದ ಪಟ್ಟಿ. ಮೇದರು ಬಿದಿರು ಸೀಳಿ ಹೆಣೆದು ತಂದುಕೊಟ್ಟ ಮೊರವನ್ನು ಹಾಗೇ ಬಳಸುವಂತಿಲ್ಲ. ಹಳೆಯ ಕಾಗದ ನೆನೆಸಿ, ಮೆಂತ್ಯದ ಜೊತೆ ರುಬ್ಬಿ, ಸಂದುಗಳಿಗೆ ಮೆತ್ತಿ ಒಣಗಿಸಬೇಕು. ಇಲ್ಲದಿದ್ದರೆ ರಾಗಿಯಂಥ ಸಣ್ಣ ಕಾಳು ಸಂದಿನಲ್ಲಿ ಇಳಿದುಹೋಗುತ್ತದೆ. ಮೆಂತ್ಯದ ಕಹಿಗೆ ಹುಳು ಹತ್ತಿರ ಬರುವುದಿಲ್ಲ ಎಂಬುದು ಅವರ ನಂಬಿಕೆ.

ಇನ್ನು ಅದರಲ್ಲಿ ಮಾಡುವ ಕೆಲಸಗಳು. ಮೊರವನ್ನು ಮೇಲಕ್ಕೆ ಎಗರಿಸಿ ಹೊಟ್ಟು ಮುಂದಕ್ಕೆ ಹಾರುವಂತೆ ಮಾಡಿದರೆ ಅದು ಕೇರುವುದು. ಎಗರಿಸದೆ, ಓರೆಯಾಗಿ ಹಿಡಿದು ಅಲುಗಿಸುತ್ತ ನುಚ್ಚು ಬೇರೆ, ಕಲ್ಲು ಬೇರೆ ಮಾಡಿದರೆ ಅದು ಒನೆಯುವುದು. ಕಣದಲ್ಲಿ ಎತ್ತರದಲ್ಲಿ ನಿಂತು ಗಾಳಿಗೆ ಕಾಳು ಸುರಿದರೆ ತೂರುವುದು. ‘ಕೇರೋಕೆ ಬಂದೋಳಿಗೆಲ್ಲ ಒನೆಯಕ್ಕೆ ಬರಕಿಲ್ಲ’ ಅಂದ ದೊಡ್ಡಮ್ಮ, ಬರಿಗೈಯನ್ನೇ ಮೊರದ ಹಾಗೆ ಹಿಡಿದು ಎರಡನ್ನೂ ಮಾಡಿ ತೋರಿಸಿದರು. ಮಣಿಕಟ್ಟಿನ ತಿರುವಿನಲ್ಲಿ ಇತ್ತು ವ್ಯತ್ಯಾಸ. ಕಂಪ್ಯೂಟರ್ ಸೈನ್ಸ್ ಓದುತ್ತಿರುವ ಮೊಮ್ಮಗಳು ಫೋನಿನಲ್ಲಿ ಅದನ್ನು ಹಿಡಿದುಕೊಂಡಳು. ಅಷ್ಟು ಹೊತ್ತಿಗೆ ಇನ್ನೆರಡು ಸಂಸಾರದವರು ನಮ್ಮ ಸುತ್ತ ಸೇರಿದ್ದರು. ಗೋಡೆಯ ಮೇಲಿನ ಮೊರ ಅಲ್ಲೇ ಇತ್ತು. ಎಲ್ಲರೂ ನೋಡುತ್ತಿದ್ದದ್ದು ದೊಡ್ಡಮ್ಮನ ಕೈಯನ್ನು.

ಈ ಬರಹದಲ್ಲಿ ನಾನು ಹೇಳಹೊರಟಿರುವುದೂ ಇದನ್ನೇ. ನಮ್ಮ ಜಾನಪದ ವಸ್ತುಸಂಗ್ರಹಾಲಯಗಳು ನಾಮಪದಗಳನ್ನು ಉಳಿಸಿವೆ. ಅದೇನು ಸಣ್ಣ ಕೆಲಸವಲ್ಲ. ಕ್ರಿಯಾಪದಗಳು ಮಾತ್ರ ಇನ್ನೂ ಹಳ್ಳಿಯ ಜಗುಲಿಗಳ ಮೇಲೆ, ಎಂಬತ್ತು ದಾಟಿದವರ ಕೈಗಳಲ್ಲಿ ಇವೆ. ಅವನ್ನು ತಂದಿಡುವ ಕಪಾಟು ನಾವಿನ್ನೂ ಮಾಡಿಲ್ಲ.

ಜಾನಪದ ಲೋಕ ಕಟ್ಟಿದ ಎಚ್.ಎಲ್. ನಾಗೇಗೌಡರಿಗೆ ಈ ಮಾತು ಹೊಸದಾಗುತ್ತಿರಲಿಲ್ಲ. 1915ರಲ್ಲಿ ಮಂಡ್ಯ ಜಿಲ್ಲೆ ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ ಹುಟ್ಟಿದವರು ಅವರು. ಐಎಎಸ್ ಅಧಿಕಾರಿಯಾಗಿದ್ದವರು, ‘ದೊಡ್ಡಮನೆ’ಯಂಥ ಕಾದಂಬರಿ ಬರೆದವರು, ವಿದೇಶಿ ಪ್ರವಾಸಿಗರ ಕಥನಗಳನ್ನು ಸಂಪುಟ ಸಂಪುಟವಾಗಿ ಕನ್ನಡಕ್ಕೆ ತಂದು ‘ಪ್ರವಾಸಿ ಕಂಡ ಇಂಡಿಯಾ’ ಕೊಟ್ಟವರು. ಹಳ್ಳಿಯ ಹಾಡುಗಳ ಗೀಳು ಅವರನ್ನು ಕಚೇರಿಯ ದಿನಗಳಿಂದಲೂ ಬಿಟ್ಟಿರಲಿಲ್ಲ. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಹುಟ್ಟುಹಾಕಿದರು. 1994ರಲ್ಲಿ ಹದಿನೈದು ಎಕರೆ ನೆಲದಲ್ಲಿ ಜಾನಪದ ಲೋಕ ತೆರೆಯಿತು. ಮರುವರ್ಷ ಮುಧೋಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರದಾಯಿತು. 2005ರಲ್ಲಿ ತೀರಿಕೊಳ್ಳುವವರೆಗೆ ಆ ಹದಿನೈದು ಎಕರೆಯೇ ಅವರ ಉಸಿರು.

ಅವರು ಮೊದಲು ಹಿಡಿದದ್ದು ದನಿಯನ್ನು. ವಸ್ತುಗಳ ಜೊತೆಜೊತೆಗೆ ಹಾಡು, ಕಥೆ, ಕುಣಿತಗಳ ಧ್ವನಿಮುದ್ರಣ, ದೃಶ್ಯಮುದ್ರಣದ ಭಂಡಾರವೂ ಅಲ್ಲಿರುವುದು ಅದಕ್ಕೇ. ಬಯಲು ರಂಗಮಂದಿರ ಕಟ್ಟಿಸಿದ್ದೂ, ಲೋಕೋತ್ಸವ ನಡೆಸಿ ಕಲಾವಿದರನ್ನು ಕರೆಸಿದ್ದೂ ಅದಕ್ಕೇ. ಸೋಮನ ಕುಣಿತದ ಮುಖವಾಡವನ್ನು ಕಪಾಟಿನಲ್ಲಿ ನೋಡಿದವನು ಸಂಜೆ ಅದೇ ಸೋಮ ಕುಣಿಯುವುದನ್ನೂ ನೋಡಬೇಕು ಎಂಬ ಹಟ ಅದು. ಹಾಡಿಗೆ, ಕುಣಿತಕ್ಕೆ ಅವರು ಮಾಡಿದ್ದನ್ನು ಕೇರುವುದಕ್ಕೆ, ಬೀಸುವುದಕ್ಕೆ, ಬಿತ್ತುವುದಕ್ಕೆ ಮುಂದಿನವರಾದ ನಾವು ಮಾಡಬೇಕಿತ್ತು.

ಇಂಥ ಆಲೋಚನೆ ಮೊಳೆತದ್ದು ದೂರದ ಸ್ವೀಡನ್ನಿನಲ್ಲಿ. ಆರ್ತುರ್ ಹಜೀಲಿಯಸ್ ಎಂಬ ವಿದ್ವಾಂಸ 1872ರಲ್ಲಿ ದಲಾರ್ನ ಪ್ರಾಂತ್ಯದ ಹಳ್ಳಿಗಳಲ್ಲಿ ತಿರುಗುವಾಗ ಅಲ್ಲಿನ ಉಡುಪು, ಪೀಠೋಪಕರಣ, ಮನೆಮಾರುಗಳು ಕಣ್ಣೆದುರೇ ಕಾಣೆಯಾಗುತ್ತಿರುವುದನ್ನು ಕಂಡು ಕೂಡಿಡತೊಡಗಿದ. 1891ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸ್ಕಾನ್ಸೆನ್ ಎಂಬ ಬಯಲು ಸಂಗ್ರಹಾಲಯ ತೆರೆದ. ಅಲ್ಲಿ ಹಳ್ಳಿಯ ಮನೆಗಳನ್ನೇ ಕಳಚಿ ತಂದು ಮರಳಿ ಕಟ್ಟಿದ್ದಾರೆ. ಆ ಮನೆಗಳ ಒಳಗೆ ಜನ ಕೂತು ಹಳೆಯ ಕಸುಬುಗಳನ್ನು ಮಾಡಿ ತೋರಿಸುತ್ತಾರೆ. ನೂರಮೂವತ್ತು ವರ್ಷ ದಾಟಿದರೂ ಅದು ನಡೆಯುತ್ತಿರುವುದು ಆ ಮಾಡಿ ತೋರಿಸುವ ಕೈಗಳಿಂದಾಗಿಯೇ.

ನಮ್ಮಲ್ಲೂ ಹಂಬಲಿಗರು ಕಡಿಮೆಯೇನಿಲ್ಲ. ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯ 1968ರಲ್ಲೇ ಶುರುವಾದದ್ದು. ಕುಕ್ಕರಹಳ್ಳಿ ಕೆರೆಯ ಪಶ್ಚಿಮದ ದಿಣ್ಣೆಯ ಮೇಲಿರುವ ಜಯಲಕ್ಷ್ಮೀವಿಲಾಸ ಅರಮನೆಯಲ್ಲಿ ಅದಕ್ಕೆ ನೆಲೆ. ರಾಜಕುಮಾರಿಗಾಗಿ ಕಟ್ಟಿದ ಮಹಲಿನಲ್ಲಿ ರೈತನ ನೇಗಿಲಿಗೆ ಜಾಗ ಸಿಕ್ಕಿದ್ದು ನನಗೆ ಇಂದಿಗೂ ರೋಮಾಂಚನದ ಸಂಗತಿ. ಅದರ ಹಿಂದೆ ಚಿತ್ರಕಲಾವಿದ ಪಿ.ಆರ್. ತಿಪ್ಪೇಸ್ವಾಮಿ, ಜೀ.ಶಂ. ಪರಮಶಿವಯ್ಯ ಅವರಂಥವರು ಊರೂರು ಅಲೆದು ಪಟ್ಟ ಪಾಡು ಇದೆ. ಮಣಿಪಾಲದಲ್ಲಿ ಬ್ಯಾಂಕ್ ನೌಕರರಾಗಿದ್ದ ವಿಜಯನಾಥ ಶೆಣೈ ಬೀಳುತ್ತಿದ್ದ ಹಳೆಯ ಮನೆಗಳನ್ನು ಕಂಬ, ತೊಲೆ, ಬಾಗಿಲು ಸಮೇತ ಕಳಚಿ ತಂದು ಒಂದು ಊರನ್ನೇ ನಿಲ್ಲಿಸಿ 2017ರಲ್ಲಿ ಕಣ್ಮುಚ್ಚಿದರು. ಬಂಟ್ವಾಳದಲ್ಲಿ ಪ್ರೊ. ತುಕಾರಾಮ ಪೂಜಾರಿ ತುಳುವರ ಬದುಕಿನ ಸಾಮಾನುಗಳನ್ನು ಒಟ್ಟುಮಾಡಿ ರಾಣಿ ಅಬ್ಬಕ್ಕನ ಹೆಸರಿನಲ್ಲಿ ಅಧ್ಯಯನ ಕೇಂದ್ರವನ್ನೇ ಕಟ್ಟಿದ್ದಾರೆ. ಯಾವುದರ ಹಿಂದೆ ನೋಡಿದರೂ ಒಬ್ಬ ವ್ಯಕ್ತಿಯ ಅಥವಾ ನಾಲ್ಕು ಜನರ ಹುಚ್ಚು ಇದೆ. ಆ ಹುಚ್ಚು ಇಲ್ಲದೇ ಹೋಗಿದ್ದರೆ ಈ ವಸ್ತುಗಳಲ್ಲಿ ಬಹುಪಾಲು ಗುಜರಿ ಸೇರುತ್ತಿದ್ದವು, ಉಳಿದವು ರೆಸಾರ್ಟುಗಳ ಹಜಾರದಲ್ಲಿ ಹೂದಾನಿಗಳಾಗುತ್ತಿದ್ದವು.

ಮತ್ತೆ ಜಾನಪದ ಲೋಕಕ್ಕೆ ಬಂದರೆ, ಅಲ್ಲಿನ ಆಯಗಾರಮಾಳದಲ್ಲಿ ಗಾಣ, ಕುಂಬಾರನ ಚಕ್ರ, ಬೇಸಾಯದ ಸಲಕರಣೆಗಳಿವೆ. ದೊಡ್ಡಮ್ಮ ಅಲ್ಲಿ ಕೂರಿಗೆಯ ಮುಂದೆ ಕೂತರು, ನಿಲ್ಲುವ ಶಕ್ತಿ ಮುಗಿದಿತ್ತು. ನಮ್ಮ ಕಡೆ ರಾಗಿ ಬಿತ್ತುವ ಕೂರಿಗೆ ಹನ್ನೆರಡು ಸಾಲಿನದು. ಮೇಲೆ ಒಂದು ಮರದ ಬಟ್ಟಲು. ಅದರ ತೂತುಗಳಿಂದ ಹೊರಟ ಬಿದಿರ ಕೊಳವೆಗಳು ನೆಲ ಸೀಳುವ ಹಲ್ಲುಗಳಿಗೆ ಇಳಿಯುತ್ತವೆ. ಬಟ್ಟಲಿಗೆ ಬೀಜ ಬಿಡುವ ಕೈ ಒಂದೇ ಅಳತೆಯಲ್ಲಿ ತಿರುಗುತ್ತಿರಬೇಕು. ಎಲ್ಲ ಕೊಳವೆಗಳಿಗೂ ಸಮವಾಗಿ ಬೀಳದಿದ್ದರೆ ಮೊಳಕೆ ಬಂದ ಮೇಲೆ ಹೊಲವೇ ಆ ಕೈಯ ತಪ್ಪನ್ನು ಊರಿಗೆಲ್ಲ ಸಾರುತ್ತದೆ. ಹಿಂದಿನಿಂದ ಸಡ್ಡೆ ಎಂಬ ಒಂಟಿ ಕೊಳವೆ ಹಿಡಿದು ಬರುವವರು ಅಕ್ಕಡಿ ಸಾಲಿಗೆ ಅವರೆಯನ್ನೋ ತೊಗರಿಯನ್ನೋ ಬಿಡುತ್ತಾರೆ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಈ ಕೂರಿಗೆಯನ್ನು ಕಂಡು ವಿವರವಾಗಿ ಬರೆದುಕೊಂಡ. ಸ್ಕಾಟ್ಲೆಂಡಿನಿಂದ ಬಂದ ವೈದ್ಯನಿಗೆ ಅದು ಬರೆದಿಡಬೇಕಾದ ಜಾಣ್ಮೆಯೆಂದು ಕಂಡಿತು. ಅದರ ಹಿಂದೆ ನಡೆದು ಬೆಳೆದ ನಮಗೆ ಹಾಗೆ ಕಾಣಲಿಲ್ಲ.

‘ಮುಂದೆ ಕೂರಿಗೆ ಹಿಡಿಯೋರು ಗಂಡುಸ್ರು, ಹಿಂದೆ ಸಡ್ಡೆ ಬಿಡೋಳು ನಾನೇ’ ಅಂದರು ದೊಡ್ಡಮ್ಮ. ಕೂರಿಗೆಯ ಫಲಕಗಳಲ್ಲಿ ಈ ಹೆಂಗಸನ್ನು ನಾನು ಎಲ್ಲೂ ಕಂಡಿಲ್ಲ.

ಆಯಗಾರರ ವಿಷಯಕ್ಕೆ ಬಂದಾಗ ಇನ್ನೊಂದು ಮಾತನ್ನೂ ನೇರವಾಗಿ ಹೇಳಬೇಕು. ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ತಳವಾರ, ತೋಟಿ, ನೀರಗಂಟಿ ಇವರೆಲ್ಲ ವರ್ಷವಿಡೀ ಊರಿಗೆ ದುಡಿದು, ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯ ಪಡೆಯುತ್ತಿದ್ದರು. ಹಣ ಓಡಾಡದ ಊರಿನಲ್ಲಿ ಅದೊಂದು ವ್ಯವಸ್ಥೆ ಸರಿ. ಆದರೆ ಯಾರು ಕಣದ ಒಳಗೆ ಬರಬಹುದಿತ್ತು, ಯಾರು ಅಂಚಿನಲ್ಲೇ ಸೆರಗೊಡ್ಡಿ ನಿಲ್ಲಬೇಕಿತ್ತು ಎಂಬುದೂ ಆ ವ್ಯವಸ್ಥೆಯ ಭಾಗವೇ ಆಗಿತ್ತು. ಕುಂಬಾರನ ಚಕ್ರವನ್ನೂ ಚಮ್ಮಾರನ ಉಳಿಯನ್ನೂ ಇಟ್ಟು, ಅವನ್ನು ಹಿಡಿದವರಿಗೆ ಊರಿನ ಬಾವಿಯಲ್ಲಿ ನೀರು ಸಿಗುತ್ತಿತ್ತೇ ಎಂಬುದನ್ನು ಹೇಳದೆ ಬಿಟ್ಟರೆ ನಾವು ತೋರಿಸುವ ಹಳ್ಳಿ ಅರ್ಧ ಹಳ್ಳಿ. ರಾಗಿಕಲ್ಲಿನ ಸೊಗಸನ್ನು ಹೊಗಳುವಾಗಲೂ ಅಷ್ಟೇ. ಅದು ನಮ್ಮ ಅಜ್ಜಿಯರ ನಿದ್ದೆ ತಿಂದ ಕಲ್ಲು. ಊರಿಗೆ ಹಿಟ್ಟಿನ ಗಿರಣಿ ಬಂದ ದಿನ ದೊಡ್ಡಮ್ಮ ಅತ್ತೆಗೆ ಗೊತ್ತಾಗದ ಹಾಗೆ ದೇವರಿಗೆ ತುಪ್ಪದ ದೀಪ ಹಚ್ಚಿದ್ದರಂತೆ. ಈ ಮಾತೂ ಕಲ್ಲಿನ ಪಕ್ಕದ ಫಲಕದಲ್ಲಿ ಇರಬೇಕು.

ಕಾಳು ಅಳೆಯುವ ಕೊಳಗ, ಸೇರು, ಪಾವು ನೋಡಿದಾಗ ಮೊಮ್ಮಗಳು ಕೇಳಿದ್ದು, ‘ಒಂದು ಕೊಳಗ ಅಂದ್ರೆ ಎಷ್ಟು ಕೆಜಿ ಅಜ್ಜಿ?’ ದೊಡ್ಡಮ್ಮ ಗಲಿಬಿಲಿಯಾದರು. ಕೊಳಗ ತೂಕವಲ್ಲ, ಅಳತೆ. ರಾಗಿಯ ಕೊಳಗಕ್ಕೂ ಭತ್ತದ ಕೊಳಗಕ್ಕೂ ತೂಕ ಬೇರೆ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಹೊಲವನ್ನೂ ಅದೇ ಲೆಕ್ಕದಲ್ಲಿ ಹೇಳುತ್ತಿದ್ದರು, ಇಷ್ಟು ಖಂಡುಗ ಬಿತ್ತುವ ಜಮೀನು ಎಂದು. ತೂಕ ಮತ್ತು ಅಳತೆಯ ಕಾಯ್ದೆ 1956ರಲ್ಲಿ ಬಂದು ಮೆಟ್ರಿಕ್ ಪದ್ಧತಿ ನೆಲೆಯೂರಿದ ಮೇಲೆ ಸೇರು, ಕೊಳಗ ಸಂತೆಯಿಂದ ಹೋದವು, ಅಡುಗೆಮನೆಯಲ್ಲಿ ಮಾತ್ರ ಪಾವು ಇನ್ನೂ ಉಸಿರಾಡುತ್ತಿದೆ. ಕಣದಲ್ಲಿ ಅಳೆಯುವಾಗ ಮೊದಲ ಕೊಳಗಕ್ಕೆ ‘ಒಂದು’ ಅನ್ನುವುದಿಲ್ಲ, ‘ಲಾಭ’ ಅನ್ನುತ್ತಾರೆ. ಲಾಭ, ಎರಡು, ಮೂರು. ದೊಡ್ಡಮ್ಮ ಖಾಲಿ ಗಾಳಿಯನ್ನು ಕೊಳಗದಲ್ಲಿ ಅಳೆಯುವಂತೆ ತೋರಿಸಿ ಲಾಭದಿಂದಲೇ ಎಣಿಸಿದರು. ವರ್ಷದ ಬೆವರನ್ನು ಎಣಿಸುವಾಗ ಬಾಯಿಂದ ಮೊದಲು ಹೊರಡುವ ಮಾತು ಶುಭದ್ದಾಗಿರಲಿ ಎಂಬ ಆಸೆ ಅದು.

ಹಗೇವಿನ ಕಥೆಯನ್ನು ಅವರು ಕಾರಿನಲ್ಲಿ ಹೇಳಿದರು. ಸಂಗ್ರಹಾಲಯಕ್ಕೆ ತರಲಾಗದ ವಸ್ತು ಅದು, ನೆಲದೊಳಗಿನ ಗುಂಡಿ. ಬಾಯಿ ಕಿರಿದು, ಹೊಟ್ಟೆ ಅಗಲ. ಒಳಗೆ ಹುಲ್ಲು ಹಾಸಿ ರಾಗಿ ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತುತ್ತಿದ್ದರು. ಹುಳು ಹಿಡಿಯದ ರಾಗಿ ಅಲ್ಲಿ ವರ್ಷಗಟ್ಟಲೆ ಇರುತ್ತಿತ್ತು. 1876–78ರ ಧಾತು ಈಶ್ವರದ ಬರವನ್ನು ಕಂಡ ಸೀಮೆಯಲ್ಲಿ ಹಗೇವು ತುಂಬಿರುವುದೆಂದರೆ ಮನೆಯವರ ಜೀವಕ್ಕೆ ಭರವಸೆ. ಬಾಯಿ ತೆಗೆದ ಕೂಡಲೇ ಇಳಿಯುವಂತಿಲ್ಲ. ಕೆಟ್ಟ ಗಾಳಿ ಹೋಗಲೆಂದು ತೆರೆದಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುವುದು. ದೀಪ ಆರಿದರೆ ಯಾರೂ ಇಳಿಯಬಾರದು. ಹೊಸದಾಗಿ ಮನೆ ಕಟ್ಟಲು ಪಾಯ ತೋಡುವಾಗ ಹಳೆಯ ಹಗೇವು ಸಿಕ್ಕಿ, ಅದೇನೆಂದು ತಿಳಿಯದೆ ಕಲ್ಲುಮಣ್ಣು ಸುರಿದು ಮುಚ್ಚಿದ್ದನ್ನು ನಮ್ಮೂರಿನಲ್ಲೇ ನೋಡಿದ್ದೇನೆ. ಒಂದಾದರೂ ಹಗೇವನ್ನು ಅದಿರುವ ಊರಿನಲ್ಲೇ ಕಟ್ಟೆ ಕಟ್ಟಿ, ಫಲಕ ಹಾಕಿ ಉಳಿಸಿಕೊಂಡರೆ ಆ ಊರಿಗೇ ಒಂದು ಸಂಗ್ರಹಾಲಯ ಬಂದಂತೆ.

ಆಡಿಸುವ ಕೈ ಇಲ್ಲದೆ ವಸ್ತುವಿಗೆ ಜೀವವಿಲ್ಲ ಎಂಬುದಕ್ಕೆ ತೊಗಲುಗೊಂಬೆಗಳನ್ನು ಇಲ್ಲಿ ನೆನೆಯಲೇಬೇಕು. ಹದ ಮಾಡಿದ ತೊಗಲಿನಲ್ಲಿ ಸೂಜಿಮೊನೆಯಷ್ಟು ತೂತುಗಳನ್ನು ಕೊರೆದು ಬಣ್ಣ ತುಂಬಿದ ಗೊಂಬೆಗೆ ಹಿಂದಿನಿಂದ ದೀಪ ಬಿದ್ದರೆ ಮಾತ್ರ ಆಭರಣ ಹೊಳೆಯುತ್ತದೆ. ಗೋಡೆಗೆ ಒರಗಿಸಿದರೆ ಅದು ಕಂದು ಬಣ್ಣದ ಚರ್ಮ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರ ವಯಸ್ಸು ತೊಂಬತ್ತು ದಾಟಿತ್ತು. ಗೌರವ ಬಂತೆಂದು ಸಂತೋಷಪಟ್ಟೆವು. ಅಂಥ ಇನ್ನೂ ಎಷ್ಟು ಕೈಗಳು ಗೊಂಬೆಯ ಕಡ್ಡಿ ಹಿಡಿದು ಕಾಯುತ್ತಿವೆ ಎಂದು ಲೆಕ್ಕ ಹಾಕಲು ಮಾತ್ರ ಯಾರೂ ಹೊರಡಲಿಲ್ಲ.

ಮರಳುವಾಗ ಚನ್ನಪಟ್ಟಣದಲ್ಲಿ ನಿಂತೆವು. ಆಲೆಮರದ ತುಂಡು ಲೇತಿನಲ್ಲಿ ತಿರುಗುತ್ತಿರುವಾಗ ಅರಗಿನ ಕಡ್ಡಿ ಒತ್ತಿದರೆ, ತಿಕ್ಕಾಟದ ಬಿಸಿಗೆ ಅರಗು ಕರಗಿ ಬಣ್ಣ ಮರಕ್ಕೆ ಹತ್ತುತ್ತದೆ. ಆಮೇಲೆ ಗರಿಯೊಂದನ್ನು ಒತ್ತಿ ಹಿಡಿದರೆ ಹೊಳಪು. ನೋಡನೋಡುತ್ತ ಒಂದು ನಿಮಿಷದಲ್ಲಿ ಬುಗುರಿ ಸಿದ್ಧ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಕಸುಬು ಇದು. ಇಲ್ಲಿ ವಸ್ತು, ಕೈ, ಮಾತು ಮೂರೂ ಒಂದೇ ಕಡೆ ಇನ್ನೂ ಜೀವಂತವಾಗಿವೆ.

ಆದರೆ 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಈ ದಾರಿಯ ಸ್ವರೂಪವೇ ಬದಲಾಗಿದೆ. ಹೊಸ ರಸ್ತೆ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಬಳಸಿಕೊಂಡು ಹೋಗುತ್ತದೆ. ಒಂದೂವರೆ ಗಂಟೆಯಲ್ಲಿ ಮೈಸೂರು ಮುಟ್ಟುವವರಿಗೆ ಗೊಂಬೆಯ ಅಂಗಡಿಯೂ ಕಾಣದು, ಜಾನಪದ ಲೋಕದ ಬಾಗಿಲೂ ಕಾಣದು. ವೇಗ ಬೇಡವೆನ್ನುವವನು ನಾನಲ್ಲ. ಆಸ್ಪತ್ರೆಗೆ, ಕೆಲಸಕ್ಕೆ ಹೋಗುವವರಿಗೆ ಆ ರಸ್ತೆ ಬೇಕು. ಊರು ನೋಡಲೆಂದೇ ಹೊರಟವರು ಊರುಗಳನ್ನೆಲ್ಲ ತಪ್ಪಿಸಿ ಹೋಗುವುದು ಮಾತ್ರ ನನಗೆ ಸಂಕಟ ತರುತ್ತದೆ. ರಾಮನಗರದ ಹತ್ತಿರ ಇಳಿದು ಹಳೆಯ ರಸ್ತೆ ಹಿಡಿದರೆ ಹೆಚ್ಚಾಗುವುದು ಅರ್ಧ ಗಂಟೆ.

ಸಂಗ್ರಹಾಲಯಗಳನ್ನು ನಡೆಸುವವರಲ್ಲಿ ಒಂದು ವಿನಂತಿ. ವಸ್ತುವಿನ ಹೆಸರಿನ ಜೊತೆ ಅದರಿಂದ ಮಾಡುವ ಕೆಲಸದ ಹೆಸರನ್ನೂ ಬರೆಯಿಸಿ, ಆಯಾ ಸೀಮೆಯ ಮಾತಿನಲ್ಲೇ. ಉತ್ತರ ಕರ್ನಾಟಕದವರ ಕೂರಿಗೆ ನಮ್ಮ ಕೂರಿಗೆಯಲ್ಲ, ಕರಾವಳಿಯವರ ಒರಳು ನಮ್ಮ ಒರಳಲ್ಲ. ವಾರಕ್ಕೊಂದು ದಿನ ಸುತ್ತಲ ಹಳ್ಳಿಯ ಹಿರಿಯರನ್ನು ಸಂಭಾವನೆ ಕೊಟ್ಟು ಕರೆಸಿ, ಒಂದು ಮೊರ, ಒಂದು ಒನಕೆ, ಒಂದು ರಾಗಿಕಲ್ಲನ್ನು ಮುಟ್ಟಲೆಂದೇ ಹೊರಗಿಡಿ. ಶಾಲೆಯ ಮಕ್ಕಳು ಬಂದಾಗ ಸಾಲಾಗಿ ನಡೆಸಿ ಕಳುಹಿಸುವ ಬದಲು ಆ ಕಲ್ಲಿನ ಮುಂದೆ ಇಬ್ಬಿಬ್ಬರನ್ನು ಕೂರಿಸಿ. ಸರ್ಕಾರ ಇದಕ್ಕೆ ಕೊಡುವ ಹಣ ಕಟ್ಟಡಕ್ಕೆ ಕೊಡುವುದಕ್ಕಿಂತ ತೀರಾ ಕಡಿಮೆ ಸಾಕು, ತಪ್ಪದೆ ಕೊಡಬೇಕು ಅಷ್ಟೇ.

ಓದುಗರಲ್ಲಿ ಕೇಳುವುದು ಇನ್ನೂ ಸಣ್ಣದು. ಮನೆಯಲ್ಲಿ ಎಂಬತ್ತರ ಆಸುಪಾಸಿನ ಹಿರಿಯರಿದ್ದರೆ ಮುಂದಿನ ರಜಾದಿನ ಅವರನ್ನು ಕರೆದುಕೊಂಡು ಹತ್ತಿರದ ಇಂಥ ಒಂದು ಜಾಗಕ್ಕೆ ಹೋಗಿ. ಮುಂದೆ ಅವರು ನಡೆಯಲಿ, ನೀವು ಹಿಂದೆ ಇರಿ. ಫೋನಿನ ರೆಕಾರ್ಡರ್ ಚಾಲೂ ಮಾಡಿಡಿ. ದೊಡ್ಡಮ್ಮ ಆ ದಿನ ಹೇಳಿದ್ದರಲ್ಲಿ ಮೂವತ್ತೊಂದು ಮಾತುಗಳು ನನಗೆ ಗೊತ್ತೇ ಇರಲಿಲ್ಲ, ಅವೆಲ್ಲ ಈಗ ನನ್ನ ನೋಟ್‌ಬುಕ್ಕಿನಲ್ಲಿವೆ. ನಮ್ಮ ಮನೆಯ ರಾಗಿಕಲ್ಲು ಹಿತ್ತಿಲ ಬಚ್ಚಲ ಪಕ್ಕ ಬಟ್ಟೆ ಒಗೆಯುವ ಕಲ್ಲಾಗಿ ಮಗುಚಿ ಬಿದ್ದಿತ್ತು. ಹೋದ ತಿಂಗಳು ಅದನ್ನು ಎತ್ತಿಸಿ, ತೊಳೆಸಿ, ಜಗುಲಿಗೆ ತಂದಿಟ್ಟಿದ್ದೇವೆ. ಮುರಿದ ಗೂಟದ ಜಾಗಕ್ಕೆ ಹೊಸದೊಂದನ್ನು ಬಡಗಿಯ ಕೈಯಲ್ಲಿ ಮಾಡಿಸಬೇಕು.